ಗಂಡಿನ ಕಡೆಯ ಎಚ್‌ಆರ್

ಮೊನ್ನೆ ಒಂದು ಫೋನು ಬಂದಾಗ ನಾನು ಕಂಪ್ಯೂಟರ್ ಮುಂದೆ ಕೂತು ಬೆಂಗಳೂರಿನ ಹೆಡ್ಡಾಫೀಸಿನವರ ಜೊತೆ ಮೀಟಿಂಗಿನಲ್ಲಿದ್ದೆ. ಪ್ರತಿಭಾವಂತರನ್ನು ಕಂಪನಿಯಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂಬ ಗಹನವಾದ ವಿಷಯ. ಗುರುತಿಲ್ಲದ ನಂಬರು. ಮೈಕು ಬಂದ್ ಮಾಡಿ ಎತ್ತಿಕೊಂಡೆ.

"ಅಲೋ, ಯಾರು, ಎಚ್ಚಾರಮ್ಮಾರಾ?"

"ಹೌದು, ಹೇಳಿ."

"ನಿಮ್ ಫ್ಯಾಕ್ಟ್ರೀಲಿ ಮಿಸೀನ್ ರಿಪೇರಿ ಮಾಡೋ ಉಡ್ಗ ಒಬ್ಬ ಅವ್ನಲ್ಲ. ಕುಡೀತಾನಾ?"

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ನನ್ನ ಉದ್ಯೋಗ. ಮದ್ದೂರಿನ ಆಚೆ ಇರುವ ನಮ್ಮ ಕುರುಕಲು ತಿಂಡಿ ಕಾರ್ಖಾನೆಯಲ್ಲಿ ಎಚ್‌ಆರ್ ಅಂದರೆ ಅರ್ಧ ಸಂಬಳ, ರಜೆ, ಪಿಎಫ್ಫು, ಇನ್ನರ್ಧ ಮದುವೆ. ಗಂಡಿಗೆ ಎಷ್ಟು ಗದ್ದೆ ಇದೆ, ನಾಲೆ ನೀರು ಹರಿಯುತ್ತದಾ ಎಂದು ಕೇಳುತ್ತಿದ್ದ ಕಾಲ ನಮ್ಮ ಕಡೆ ಮುಗಿದುಹೋಯಿತು. ಈಗ ಹೆಣ್ಣಿನ ಕಡೆಯವರ ಮೊದಲ ಪ್ರಶ್ನೆಯೇ "ಕಂಪ್ನಿ ಕೆಲ್ಸ ಐತಾ?" ಐತೆ ಅಂದರೆ ಸುಮ್ಮನಾಗುತ್ತಾರಾ? ಊಹುಂ. ಹೇಳದೆ ಕೇಳದೆ ಬೈಕ್ ಹತ್ತಿ ಆ ಕಂಪನಿಯ ಗೇಟಿಗೇ ಬರುತ್ತಾರೆ. ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಾ, ಶಿಫ್ಟು ಬಿಡುವತನಕ ಕಾದು, ಗಂಡು ಹೇಗೆ ನಡೆಯುತ್ತಾನೆ, ಯಾರ ಜೊತೆ ಹಲ್ಲು ಕಿರಿಯುತ್ತಾನೆ ಎಂದು ನೋಡಿಕೊಂಡು ಹೋಗುತ್ತಾರೆ. ಇನ್ನೂ ಗಟ್ಟಿ ಗುಂಡಿಗೆಯವರು ಒಳಗೇ ಬಂದು ನನ್ನ ಎದುರು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಕಂಪನಿಯ ಕಾಯಿದೆ ಪ್ರಕಾರ ನೌಕರನ ಒಪ್ಪಿಗೆ ಇಲ್ಲದೆ ನಾನು ಅವನ ವಿಷಯ ಒಂದಕ್ಷರವೂ ಬಾಯಿ ಬಿಡುವಂತಿಲ್ಲ. ಹಾಗೆಂದು ಹೇಳಿದರೆ ಎದುರಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. "ಏನೋ ಐತೆ ಕಣ್ಲಾ, ಅದ್ಕೇ ಮುಚ್ಚಿಡ್ತಾವ್ಳೆ" ಎಂದು ನನ್ನ ಮುಖದ ಮೇಲೇ ಅನ್ನುತ್ತಾರೆ. ಬಾಯಿ ಬಿಟ್ಟರೆ ನನ್ನ ಕೆಲಸ ಹೋಯಿತು, ಬಿಡದಿದ್ದರೆ ಹುಡುಗನ ಮದುವೆ ಹೋಯಿತು. ಈ ಪಾಠವನ್ನು ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ, ಹೇಳಿ ನೋಡೋಣ!

ಮಂಡ್ಯದಲ್ಲಿ ಬಿ.ಕಾಂ. ಮುಗಿಸಿ ನಾನು ಇಲ್ಲಿ ಸೇರಿದಾಗ ಎಚ್‌ಆರ್ ಎಂಬ ಮಾತೇ ಇರಲಿಲ್ಲ. ಗೇಟಿನ ಪಕ್ಕದ ಗೂಡಿಗೆ ಟೈಮ್ ಆಫೀಸು ಅಂತ ಹೆಸರು. ತಡವಾಗಿ ಬಂದವರಿಗೆ ಕೆಂಪು ಇಂಕಿನಲ್ಲಿ ಗೆರೆ ಎಳೆಯುವುದು, ಅವರಿಂದ ಶಾಪ ಹಾಕಿಸಿಕೊಳ್ಳುವುದು ನನ್ನ ಕೆಲಸ. ಆಮೇಲೆ ಗೂಡಿನಿಂದ ಮಹಡಿಗೆ ಬಂದೆ. ಬಾಗಿಲ ಮೇಲೆ 'ಸಿಬ್ಬಂದಿ ವಿಭಾಗ' ಎಂಬ ಬೋರ್ಡು ಬಂತು. ಇನ್ನಷ್ಟು ವರ್ಷಕ್ಕೆ ಅದು ಹೋಗಿ 'ಮಾನವ ಸಂಪನ್ಮೂಲ' ಬಂತು. ಮನೆಗೆ ಹೋಗಿ ಅವ್ವನಿಗೆ ಹೆಮ್ಮೆಯಿಂದ ಹೇಳಿದೆ. ಅವಳು ಸೊಪ್ಪು ಸೋಸುತ್ತಾ, "ಅಲ್ಲ ಕಣವ್ವ, ಮನ್ಸುರೇನು ಕಬ್ಬಾ, ಸಂಪನ್ಮೂಲ ಅನ್ನಕ್ಕೆ? ಗಾಣಕ್ಕಾಕಿ ಅರೀತೀರಾ?" ಅಂದಳು. ಸಿಟ್ಟು ಬಂತು. ಅವಳು ಅಂದದ್ದರಲ್ಲಿ ತಪ್ಪೇನಿದೆ ಎಂದು ಅನ್ನಿಸಿ ಇನ್ನೂ ಸಿಟ್ಟು ಬಂತು.

ಈಗಂತೂ ನನ್ನ ಕೆಲಸ ಜನರನ್ನು ಖುಷಿಯಾಗಿಡುವುದು. ಮೂರು ತಿಂಗಳಿಗೊಮ್ಮೆ ನಗುಮುಖ, ಅಳುಮುಖದ ಚಿತ್ರ ಹಾಕಿದ ಸರ್ವೆ ಕಳಿಸುತ್ತಾರೆ. ಎಲ್ಲರೂ ಒಂದೊಂದು ಮುಖ ಒತ್ತಬೇಕು. ನಮ್ಮವರು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಗುಮುಖ ಒತ್ತಿಬಿಟ್ಟು, "ಆಯ್ತಾ? ಕ್ಯಾಂಟೀನಲ್ಲಿ ಸಾರು ನೀರಾಗದೆ, ಅದ್ನ ಯಾವ್ ಮಕ ಒತ್ತಿ ಯೋಳನಾ?" ಎಂದು ಕೇಳುತ್ತಾರೆ.

ಹೋದ ವರ್ಷ ಹೆಡ್ಡಾಫೀಸಿನಿಂದ ಹೊಸ ಗಾಳಿ ಬೀಸಿತು. ಇನ್ನು ಮುಂದೆ ಹುದ್ದೆಯ ಹೆಸರುಗಳೇ ಇಲ್ಲ! ಹೆಲ್ಪರ್, ಆಪರೇಟರ್, ಸೂಪರ್‌ವೈಸರ್, ಮ್ಯಾನೇಜರ್ ಎಲ್ಲ ರದ್ದು. ಗೇಟಿನಿಂದ ಗೋಡೌನಿನವರೆಗೆ ಎಲ್ಲರೂ 'ಅಸೋಸಿಯೇಟ್'. ಹುದ್ದೆಯ ಹೆಸರು ಜನರ ನಡುವೆ ಗೋಡೆ ಕಟ್ಟುತ್ತದಂತೆ; ಕೆಲಸ, ಸಂಬಳ ಮೊದಲಿನ ಹಾಗೇ ಇರುತ್ತದಂತೆ, ಗೋಡೆ ಮಾತ್ರ ಬೀಳುತ್ತದಂತೆ. ನಾನು ಕುಣಿದಾಡಿಬಿಟ್ಟೆ. "ಏ ಕ್ಲರ್ಕಮ್ಮ" ಎಂದು ಕರೆಸಿಕೊಂಡು ಬೆಳೆದವಳಲ್ಲವೇ ನಾನು! ಲಾಡು ತರಿಸಿ, ಎಲ್ಲರ ಕೊರಳಿಗೂ ಹೊಸ ಕಾರ್ಡು ನಾನೇ ಹಾಕಿದೆ. ಟೀ ಕೊಡುವವನು ಕಾರ್ಡನ್ನು ಕಣ್ಣಿಗೊತ್ತಿಕೊಂಡ. ಅಷ್ಟು ಜನರ ನಡುವೆ ಮುಖ ಸಣ್ಣಗೆ ಮಾಡಿಕೊಂಡವನು ಒಬ್ಬನೇ, ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್.

ಅವನು ಇಲ್ಲೇ ಮದ್ದೂರು ಸೀಮೆಯ ಕೊಪ್ಪದ ಕಡೆಯವನು. ಮೂವತ್ತೈದು ದಾಟಿತ್ತು. ಮನೆಯಲ್ಲಿ ಗದ್ದೆ, ಹಸು, ಅವ್ವ ಎಲ್ಲ ಇದ್ದರೂ ಹೆಣ್ಣು ಮಾತ್ರ ಸಿಕ್ಕಿರಲಿಲ್ಲ. ಬೇಸಾಯ ಮಾಡಿಕೊಂಡಿದ್ದಷ್ಟು ದಿನ ಯಾರೂ ಅವನ ಜಾತಕ ಕೂಡ ಕೇಳಲಿಲ್ಲ. ಕಾರ್ಖಾನೆಗೆ ಸೇರಿದ ಮೇಲೆ, ಬರೀ ಹೆಲ್ಪರ್ ಅಂತ ಒಬ್ಬರು ಬೇಡವೆಂದರು. ಆಪರೇಟರ್ ಆದಾಗ, ಮೈಯೆಲ್ಲ ಎಣ್ಣೆ ವಾಸನೆ ಅಂತ ಇನ್ನೊಬ್ಬರು ಎದ್ದುಹೋದರು. ಸೂಪರ್‌ವೈಸರ್ ಆದ ಮೇಲೆ ಮಳವಳ್ಳಿಯ ಕಡೆಯಿಂದ ಒಂದು ಸಂಬಂಧ ಕೂಡಿ ಬಂತು. ಹುಡುಗಿ ನರ್ಸು. ವೈದ್ಯನಾಥಪುರದ ದೇವಸ್ಥಾನದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಮಾತಾಡಿದರು, ಒಪ್ಪಿದರು. ಮಾರನೆಯ ದಿನ ಇವನು ಸುಮ್ಮಸುಮ್ಮನೆ ನಗುತ್ತಾ ಓಡಾಡುವುದನ್ನು ಕಂಡು ಪ್ಯಾಕಿಂಗ್ ಹೆಂಗಸರು, "ಅಯ್ಯೋ ಸಿವನೆ, ಇವ್ನ್ಗೆ ಗಾಳಿ ಮೆಟ್ಕಂಡದೆ" ಅಂದರು.

ಇಷ್ಟರಲ್ಲಿ ಬಂದದ್ದು ನನ್ನ ಹೊಸ ಕಾರ್ಡು.

ಹುಡುಗಿಗೆ ತಂದೆ ಇಲ್ಲ. ಸೋದರಮಾವನೇ ಮನೆಗೆ ಯಜಮಾನ. ನಿಶ್ಚಿತಾರ್ಥಕ್ಕೆ ಮುಂಚೆ ಒಂದು ಸಲ ಗಂಡಿನ ಕೆಲಸ ವಿಚಾರಿಸಿಬಿಡೋಣ ಎಂದು ಅವರು ಪದ್ಧತಿಯಂತೆ ಗುಟ್ಟಾಗಿ ನಮ್ಮ ಗೇಟಿನ ಎದುರಿನ ಅಂಗಡಿಗೆ ಬಂದು ಕೂತರು. ಅದೇ ಹೊತ್ತಿಗೆ ನಮ್ಮ ಟೀ ಕೊಡುವವನು, ಕೊರಳಲ್ಲಿ ಹೊಸ ಕಾರ್ಡು ನೇತುಹಾಕಿಕೊಂಡು, ಹಾಲು ತರಲು ಆ ಅಂಗಡಿಗೇ ಹೋದ.

"ಇಲ್ಲಿ ಸೂಪರ್‌ವೈಸರ್ರು ಒಬ್ರು ಅವ್ರಂತಲ್ಲ, ಕೊಪ್ಪದೋರು?" ಎಂದು ಮಾವ ಕೇಳಿದರು.

"ಅವೆಲ್ಲ ಓದ್ವು ಕಣಣ್ಣ" ಎಂದ ಇವನು, ಎದೆ ಉಬ್ಬಿಸಿಕೊಂಡು. "ಈಗ ಅವ್ನೂ ನಾನೂ ಒಂದೇಯ. ನೋಡ್ಕಳಿ ಬೇಕಾರೆ!" ಕಾರ್ಡು ಎತ್ತಿ ತೋರಿಸಿದನಂತೆ. ಪುಣ್ಯಾತ್ಮ!

ಐದು ನಿಮಿಷದಲ್ಲಿ ಮಾವ ನನ್ನ ಕೋಣೆಯಲ್ಲಿದ್ದರು. ದಪ್ಪ ಮೀಸೆ, ಬಿಳಿ ಶರಟು, ಕೆಂಡದಂಥ ಮುಖ. "ಅಲ್ಲ ಕಣಮ್ಮ, ನಿಮ್ ಫ್ಯಾಕ್ಟ್ರೀಲಿ ಟೀ ಕೊಡೋನೂ ಅದೇ, ನಮ್ ಗಂಡೂ ಅದೇ! ಸೂಪರ್‌ವೈಸರ್ರು ಅಂತ ದ್ಯಾವಸ್ಥಾನದಲ್ಲಿ ನಿಂತ್ಕಂಡು ಸುಳ್ಳೇಳವ್ನಲ್ಲ, ಬಡ್ಡೆತ್ತದು!" ಎಂದು ಮೇಜು ಗುದ್ದಿದರು. ನಾನು ಹುಡುಗನನ್ನೇ ಕರೆಸಿದೆ. ಅವನು ನನ್ನ ಮುಂದೆಯೇ ಒಪ್ಪಿಗೆ ಕೊಟ್ಟ, "ಎಲ್ಲಾನೂ ಯೋಳಿ ಮೇಡಂ, ಏನೂ ಮುಚ್ಚಿಡ್ಬೇಡಿ" ಅಂದ. ಸರಿ, ಹೇಳಿದೆ. ಇವನ ಕೈ ಕೆಳಗೆ ಇಡೀ ಪ್ಯಾಕಿಂಗ್ ಹಾಲ್ ಇದೆ, ಸಂಬಳ ಇಷ್ಟಿದೆ, ಹೆಸರು ಮಾತ್ರ ಬದಲಾಗಿದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ.

"ಕಾರ್ಡಲ್ಲಿ ಇಲ್ದಿದ್ದು ಬಾಯಲ್ಲಿ ಎಲ್ಲಿಂದ ಬಂತಮ್ಮ?" ಎಂದು ಎದ್ದು ಹೊರಟೇಹೋದರು.

ಹುಡುಗ ಅಲ್ಲೇ ಕುರ್ಚಿಯಲ್ಲಿ ಕುಸಿದ. "ನಿಮ್ಗೇನ್ ಮೇಡಂ, ನೀವು ಕಾರ್ಡು ಬದ್ಲಾಯ್ಸಿದ್ರಿ, ನನ್ ಅಣೆಬರಾನೇ ಬದ್ಲಾಗೋಯ್ತು. ಇದೊಂದು ತಪ್ಪೋದ್ರೆ ನಾನಿನ್ ಯಾವ್ ಮನೆ ಬಾಗ್ಲಿಗೂ ಓಗಕಿಲ್ಲ. ನಮ್ಮವ್ವಂಗೆ ಯೋಳ್ಬುಡ್ತೀನಿ" ಅಂದ. ಕಣ್ಣು ತುಂಬಿತ್ತು. ತಕ್ಷಣ ಹೆಡ್ಡಾಫೀಸಿಗೆ ಫೋನು ಮಾಡಿ, ಒಬ್ಬನಿಗಾದರೂ ಹಳೆಯ ಹೆಸರಿನ ಕಾರ್ಡು ಕೊಡಿ ಅಂತ ಬೇಡಿಕೊಂಡೆ. ಆ ಕಡೆಯ ಹುಡುಗಿ ಜೇನಿನಂಥ ದನಿಯಲ್ಲಿ, ಬದಲಾವಣೆ ಬಂದಾಗ ಇಂಥ ಪ್ರತಿರೋಧ ಸಹಜ, ನೀವು ಅವರ ಭಾವನೆಗಳಿಗೆ ಕಿವಿಗೊಡಿ ಎಂದಳು. ಕಿವಿಗೊಡಬೇಕಂತೆ! ಫೋನನ್ನು ಕಿಟಕಿಯಿಂದಾಚೆ ಎಸೆಯುವಷ್ಟು ಉರಿಯಿತು. ಕಂಪನಿಯ ಫೋನು ಎಂದು ಸುಮ್ಮನಾದೆ.

ಎರಡು ದಿನ ಬಿಟ್ಟು ಮಾವನಿಗೆ ನಾನೇ ಫೋನು ಮಾಡಿದೆ. ನನ್ನ ಕೆಲಸದ ಪಟ್ಟಿಯಲ್ಲಿ ಇದು ಎಲ್ಲಿಯೂ ಇಲ್ಲ. ಮನಸಾರೆ ಬೈಸಿಕೊಂಡ ಮೇಲೆ, "ಬಾಯಿಮಾತು ಬೇಡ, ನೀವೇ ಒಳಗೆ ಬಂದು ಕಣ್ಣಾರೆ ನೋಡಿ. ಆಮೇಲೂ ಬೇಡ ಅನ್ನಿಸಿದರೆ ನಾವು ತುಟಿ ಪಿಟಕ್ ಅನ್ನುವುದಿಲ್ಲ" ಎಂದೆ. ಸ್ವಲ್ಪ ಹೊತ್ತು ಗುರುಗುಟ್ಟಿ, "ಸುಕ್ರವಾರ ಬತ್ತೀನಿ. ಅದೇ ಕಡೇದು" ಅಂದರು.

ಈ ವಿಷಯ ನಾನು ಹೇಳಿದ್ದು ಹುಡುಗನೊಬ್ಬನಿಗೆ. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಕಾರ್ಖಾನೆಗೆ ಗೊತ್ತಾಗಿತ್ತು. ಪ್ಯಾಕಿಂಗ್ ಹೆಂಗಸರು ಮುದ್ದೆ ಡಬ್ಬಿ ಬಿಚ್ಚಿಕೊಂಡು ಸಭೆ ಸೇರಿದರು. ಅವರಿಗೆಲ್ಲ ಹಿರಿಯಳಾದ ಒಬ್ಬಾಕೆ ಇದ್ದಾಳೆ, ಎಲ್ಲರೂ ಅಕ್ಕ ಅನ್ನುತ್ತಾರೆ, ಅವಳ ಬಾಯಿಗೆ ಮ್ಯಾನೇಜರೂ ಹೆದರುತ್ತಾನೆ. ಆಕೆ ತೀರ್ಪು ಕೊಟ್ಟಳು: "ನಾವೇ ಗಂಡಿನ್ ಕಡೇರು ಕಣ್ರೇ. ಸುಕ್ರವಾರ ಒಬ್ಳಾರಾ ಬಾಯಿ ಜಾರುದ್ರೆ ನಾಲ್ಗೆ ಸೀಳ್ಬುಡ್ತೀನಿ." ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ನಾಡಿನಲ್ಲಿ, ದಯವಿಟ್ಟು ಒಂದು ಸುಳ್ಳೂ ಹೇಳಬೇಡಿ ಎಂದು ಕೈಮುಗಿದವಳು ನಾನೊಬ್ಬಳೇ ಇರಬೇಕು. "ಸುಳ್ಳಲ್ಲ ಕಣಮ್ಮಣ್ಣಿ, ಒಸಿ ಮರ್ವಾದೆ ಕೊಡ್ತೀವಿ ಅಷ್ಟೆಯ" ಅಂದಳು ಅಕ್ಕ. ಒಸಿ ಎಂದರೆ ಸ್ವಲ್ಪ. ನಮ್ಮವರಿಗೆ ಸ್ವಲ್ಪ ಎಂದರೆ ಎಷ್ಟು ಎಂದು ನನಗೆ ಗೊತ್ತಿರಬೇಕಿತ್ತು.

ಶುಕ್ರವಾರ ಒಂದು ಸ್ಕೂಟರು ಬಂದು ನಿಂತಿತು. ಓಡಿಸುತ್ತಿದ್ದವಳು ಹುಡುಗಿ, ಹಿಂದೆ ಕೂತವರು ಮಾವ. ಅವಳು ಬರುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ. "ನೈಟ್ ಡ್ಯೂಟಿ ಮುಗುಸ್ಕಂಡ್ ಸೀದಾ ಬಂದೆ ಮೇಡಂ, ನನ್ ಮದ್ವೆ ಅಲ್ವಾ" ಅಂದಳು ನಗುತ್ತಾ. ನನಗೆ ಅವಳು ನಿಂತ ನಿಲುವಿನಲ್ಲೇ ಹಿಡಿಸಿಬಿಟ್ಟಳು.

ಆಮೇಲೆ ಶುರುವಾಯಿತು ನೋಡಿ ಮರ್ವಾದೆ! ಹುಡುಗ ಗೇಟಿಗೆ ಬಂದಿದ್ದೇ ತಡ, ಕಾವಲಿನವನು ಕಾಲು ಕುಟ್ಟಿ ಹೊಡೆದ ಸಲ್ಯೂಟಿಗೆ ಅವನ ಟೋಪಿಯೇ ಹಾರಿ ಮೋರಿಗೆ ಬಿತ್ತು. ಟೀ ಕೊಡುವವನು, ಮಾಡಿದ ಪಾಪ ಕಳೆದುಕೊಳ್ಳಲು, ಕಾರ್ಡನ್ನು ಜೇಬಿಗೆ ತುರುಕಿ ಬೆನ್ನು ಬಗ್ಗಿಸಿಕೊಂಡು ಬಂದ. "ಬುದ್ಯೋರೆ, ತಮ್ಗೆ ಸಕ್ರೆ ಎಷ್ಟಾಕ್ಲಿ?" ಎಂದು, ತಾನು ದಿನವೂ ಹೆಗಲ ಮೇಲೆ ಕೈ ಹಾಕಿ ಮಾತಾಡುವ ಅದೇ ಹುಡುಗನನ್ನು ಕೇಳಿದ. ಹುಡುಗ ಬೆವರಿ ಒದ್ದೆಯಾಗಿದ್ದ. ಮಾವನ ಮೀಸೆ ಮೊದಲು ಒಂದಿಷ್ಟು ಅರಳಿದ್ದು ನಿಜ. ಆದರೆ ಅಪ್ಪನ ವಯಸ್ಸಿನ ಗೋಡೌನಿನವರು ಎದುರಿಗೆ ಬಂದು, ಹುಡುಗನ ಕಾಲು ಮುಟ್ಟಲು ಬಗ್ಗಿದಾಗ ಮಾವ ನಿಂತುಬಿಟ್ಟರು.

"ಇದೇನಮ್ಮ, ನಾಟ್ಕದ್ ಕಂಪ್ನಿಯಾ?" ಎಂದು ನನ್ನನ್ನು ಕೇಳಿದರು.

ನನಗೆ ನಗು, ಅಳು, ನಾಚಿಕೆ ಮೂರೂ ಒಟ್ಟಿಗೆ ಬಂದವು. ಎಲ್ಲ ಮುಗಿಯಿತು ಅಂದುಕೊಂಡೆ. ಹುಡುಗ ನೆಲ ನೋಡುತ್ತಿದ್ದ. ಹುಡುಗಿ ಮಾತ್ರ ತುಟಿ ಕಚ್ಚಿ ನಗು ತಡೆದುಕೊಂಡು, "ಮೇಡಂ, ಇವ್ರು ಕೆಲ್ಸ ಮಾಡೋ ಜಾಗ ತೋರುಸ್ತೀರಾ?" ಅಂದಳು. ಹೊರಟಿದ್ದ ಮಾವನ ತೋಳು ಹಿಡಿದು ಅವಳೇ ಎಳೆದುಕೊಂಡಳು.

ಪ್ಯಾಕಿಂಗ್ ಹಾಲಿಗೆ ಹೋಗುವವರು ಯಾರೇ ಆಗಲಿ ತಲೆಗೆ ಬಲೆಟೋಪಿ ಹಾಕಬೇಕು, ಮೀಸೆ ಗಡ್ಡ ಇದ್ದವರು ಬಾಯಿಗೂ ಒಂದು ಬಲೆ ಕಟ್ಟಬೇಕು. ಅಂಥ ಸಂಕಟದಲ್ಲೂ ಹುಡುಗ ನಿಯಮ ಬಿಡಲಿಲ್ಲ. "ಮಾವ, ಮೀಸೆ ಮುಚ್ಕಬೇಕು" ಎಂದು ಬಲೆ ಕೈಗೆ ಕೊಟ್ಟ. ಮಳವಳ್ಳಿ ಕಡೆಯಲ್ಲೆಲ್ಲ ಹೆಸರುವಾಸಿಯಾದ ಆ ಮೀಸೆ ಬಲೆಯೊಳಗೆ ಹೋಯಿತು. ನಾನು ಗೋಡೆಯ ಕಡೆ ತಿರುಗಿ ಕೆಮ್ಮಿದೆ.

ಒಳಗೆ ಬಿಸಿ ಖಾರದ ಘಾಟು, ಯಂತ್ರಗಳ ಟಕಟಕ. ಹೆಂಗಸರು ಶಾಲೆ ಮಕ್ಕಳ ಹಾಗೆ ಸಾಲಾಗಿ ಎದ್ದು ನಿಂತು, "ನಮಸ್ಕಾರ ಸಾ" ಎಂದು ರಾಗ ಎಳೆದರು. ಅಕ್ಕ ಒಂದು ಹೆಜ್ಜೆ ಮುಂದೆ ಬಂದು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದಳು: "ನಮ್ ಸಾಯೇಬ್ರು ದ್ಯಾವ್ರಂತೋರು. ಒಂದ್ ಮಾತ್ ಅಂದೋರಲ್ಲ, ಆಡ್ದೋರಲ್ಲ." ಉಳಿದವರು ತಲೆಯಾಡಿಸಿದರು. ಮಾವನಿಗೆ ಒಂದಕ್ಷರವೂ ನಂಬಿಕೆಯಿಲ್ಲ ಎಂಬುದು ಬಲೆಯ ಮೇಲಿನ ಕಣ್ಣಲ್ಲೇ ಕಾಣುತ್ತಿತ್ತು.

ಆಗಲೇ ಮಧ್ಯದ ಯಂತ್ರದಲ್ಲಿ ಪೊಟ್ಟಣದ ಹಾಳೆಯ ರೋಲು ಜಾರಿತು. ಪೊಟ್ಟಣಗಳಿಗೆ ಬಾಯಿ ಅಂಟುವುದೇ ನಿಂತುಹೋಗಿ, ಖಾರ ಮಿಕ್ಸ್ಚರು ಬುಸಬುಸನೆ ನೆಲಕ್ಕೆ ಸುರಿಯತೊಡಗಿತು. ಹುಡುಗನಿಗೆ ಹೆಣ್ಣು, ಮಾವ, ಮದುವೆ ಎಲ್ಲ ಮರೆತುಹೋಯಿತು. ಓಡಿಹೋಗಿ ಯಂತ್ರ ನಿಲ್ಲಿಸಿ, "ಯಾರದು ರೋಲ್ ಆಕಿದ್ದು? ಕಣ್ಣಿಲ್ವಾ?" ಎಂದು ಕೂಗಿದ.

"ನಿನ್ ಕಣ್ಣೆಲ್ಲಿದ್ವಲಾ?" ಅಕ್ಕ ತಿರುಗಿಬಿದ್ದಳು. ಬಾಯಿಪಾಠ ಗಾಳಿಗೆ ಹೋಯಿತು. "ಬೆಳಗ್ನಿಂದ ಯೋಳ್ತಾ ಇವ್ನಿ ಸಬ್ದ ಬತ್ತೈತೆ, ಸಬ್ದ ಬತ್ತೈತೆ ಅಂತ! ಎಣ್ಣು ಬತ್ತದೆ ಅಂತ ಕ್ರಾಪ್ ಬಾಚ್ಕಂಡ್ ನಿಂತಿದ್ದೆ, ಮೂದೇವಿ!"

ಅಷ್ಟೇ ಬೇಕಾಗಿತ್ತು. "ಟೋಪಿ ಟೋಪಿ ಅಂತ ದಿನಾ ಪ್ರಾಣ ತಿಂತಾನೆ, ಮಿಸೀನ್ ನೋಡು ಅಂದ್ರೆ ನೋಡಕಿಲ್ಲ" ಎಂದಳು ಒಬ್ಬಳು. "ನೆನ್ನೆ ನನ್ ರಜಾನೂ ಮರ್ತ್ಬುಟ್ಟ" ಎಂದು ಇನ್ನೊಬ್ಬಳು ಸೇರಿಕೊಂಡಳು. ಹೊಸದಾಗಿ ಸೇರಿದ್ದ, ನನ್ನೆದುರು ದನಿಯೇ ಹೊರಡದ ಒಬ್ಬಳು ಹುಡುಗಿ ಕೂಡ, "ಬ್ಲೇಡ್ ಐತೆ, ಕೈ ತೆಗೀರಿ ಸಾ! ಬುದ್ಧಿ ಬ್ಯಾಡ್ವಾ?" ಎಂದು ಗದರಿಸಿ ಅವನ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಅವನು, "ಆಯ್ತು ಬುಡ್ರವ್ವ, ನಂದೇ ತಪ್ಪು, ಈಗ ಪೊರ್ಕೆ ಕೊಡಿ" ಎನ್ನುತ್ತಾ ಕುಕ್ಕರಗಾಲಲ್ಲಿ ಕೂತು ಮಿಕ್ಸ್ಚರು ಬಳಿಯತೊಡಗಿದ. ಅವರು ಬೈಯುತ್ತಲೇ ಸುತ್ತ ಕೂತು ತಾವೂ ಬಳಿದರು.

ಮಾವ ಬಾಯಿಯ ಬಲೆ ಕಿತ್ತೆಸೆದರು. "ನಡಿಯವ್ವ ಓಗನ. ನೋಡ್ದಲ್ಲ? ಕೆಲ್ಸದ್ ಎಂಗಸ್ರು ಗಂಡುನ್ ಮಕ್ಕೆ ಉಗೀತಾವ್ರೆ, ಇವ್ನು ನೆಲ ಗುಡುಸ್ತಾವ್ನೆ. ಇವ್ನ್ಯಾವ್ ಸೂಪರ್‌ವೈಸರ್ರು!"

ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ತಾನೇನು ಮಾಡಿಬಿಟ್ಟೆ ಎಂಬುದು ಆಗ ಅವಳಿಗೆ ಹೊಳೆದಿತ್ತು. ಹುಡುಗ ಪೊರಕೆ ಹಿಡಿದುಕೊಂಡು ಎದ್ದು ನಿಂತ.

ಹುಡುಗಿ ಮಾವನ ಹಿಂದೆ ಹೋಗಲಿಲ್ಲ.

"ಮಾವ, ನನ್ ವಾರ್ಡಿಗೆ ಒಬ್ರು ದೊಡ್ ಡಾಕ್ಟ್ರು ಬತ್ತಾರೆ" ಅಂದಳು. ದನಿ ಎತ್ತಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. "ಅವ್ರ್ ಬೂಟಿನ್ ಸಬ್ದ ಕೇಳುದ್ರೆ ಸಾಕು, ನಾವೆಲ್ಲ ಗೋಡೆಗೆ ಅಂಟ್ಕತೀವಿ. ಕೈಲಿರೋದು ಜಾರ್ತದೆ. ಮನೇಗ್ ಬಂದ್ರೂ ನಿದ್ದೆಲಿ ಬೆಚ್ತೀನಿ, ಅವ್ವನ್ನ ಕೇಳು. ಇಲ್ಲಿ ಇಷ್ಟು ಜನ ಎಂಗಸ್ರು ಇವ್ರ ಮಕ ನೋಡ್ಕಂಡು ಬೈದ್ರು. ಆ ಚಿಕ್ಕುಡ್ಗೀನೂ ಬೈದ್ಲು. ಒಬ್ಳಾರಾ ಎದ್ರುಕೊಂಡ್ಲಾ? ನಾನಂತೂ ನೋಡ್ನಿಲ್ಲ. ಇವ್ರು ಕಾರ್ಡಲ್ಲಿ ಏನಾರಾ ಬರ್ಕಳ್ಳಿ, ಇವ್ರ ಮನೇಲಿ ನಾನು ಎದ್ರುಕೊಂಡ್ ಬಾಳ್ಬೇಕಾಗಿಲ್ಲ."

ಹೊರಟಿದ್ದ ಮಾವ ತಿರುಗಿದರು. ಅವಳನ್ನೇ ನೋಡುತ್ತಾ ನಿಂತರು. ಅವಳು ನಿದ್ದೆಯಲ್ಲಿ ಬೆಚ್ಚುವ ಸಂಗತಿ ಅವರಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಕಿತ್ತೆಸೆದಿದ್ದ ಬಲೆಯನ್ನು ಎತ್ತಿಕೊಂಡು ಮತ್ತೆ ಮೀಸೆಗೆ ಕಟ್ಟಿಕೊಂಡರು. ನಾನು ನಾಚಿಕೆ ಬಿಟ್ಟು ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಹುಡುಗಿ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಬಗ್ಗಿ, ಹೆಂಗಸರ ಜೊತೆ ತಾನೂ ಮಿಕ್ಸ್ಚರು ಒಟ್ಟುಗೂಡಿಸತೊಡಗಿದಳು. ಅಕ್ಕ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು. ಹುಡುಗ ಪೊರಕೆ ಹಿಡಿದು ನಿಂತೇ ಇದ್ದ.

"ಏನ್ಲಾ ಬಾಯ್ ಬುಟ್ಕಂಡ್ ನಿಂತಿದ್ದೀಯ?" ಅಕ್ಕ ಕೂತಲ್ಲಿಂದಲೇ ಗದರಿದಳು. "ಎಣ್ಣು ಒಪ್ಕಂಡದೆ. ಊಂ ಅನ್ಲಾ!"

"ಊಂ" ಅಂದ.